ನೀರಣ್ಣನ ನಂಬರು

ದೀಪ ಸ್ವಲ್ಪ ಸಣ್ಣದು ಮಾಡಿ, ಮಗು ಎದ್ದುಬಿಟ್ಟೀತು. ಹಾಂ, ಸಾಕು.

ಇದು ನಮ್ಮ ಭಾವನಿಗೆ ಆಗಿದ್ದು. ಭಾವ ಅಂದ್ರೆ ಸೋದರಮಾವನ ದೊಡ್ಡ ಮಗ. ಸುಳ್ಳು ಹೇಳೋಕೂ ಸೋಮಾರಿ ಅವನು. ಹೇಳಿದ ಸುಳ್ಳನ್ನ ಆಮೇಲೆ ನೆನಪಿಟ್ಟುಕೊಳ್ಳೋ ಕೂಲಿ ಯಾರಿಗೆ ಬೇಕು ಅಂತಾನೆ. ಅಂಥವನು ಈ ವಿಷಯ ಎಷ್ಟು ಸಲ ಕೇಳಿದ್ರೂ ಒಂದೇ ಥರ ಹೇಳ್ತಾನೆ... ಒಂದಕ್ಷರ ಆಚೆ ಈಚೆ ಆಗಲ್ಲ. ಕೊನೇ ತುಣುಕು ಮಾತ್ರ ನಾನೇ ಕಂಡಿದ್ದು.

ಅವತ್ತು ಭಾವ ಆಫೀಸು ಬಿಟ್ಟಾಗ ತುಂಬಾ ಹೊತ್ತಾಗಿತ್ತು. ಆಫೀಸು ಅಂದ್ರೆ ಏನು, ಬೇಕರಿ ಮೇಲಿನ ಎರಡು ಕೋಣೆ, ನಾಲ್ಕು ಕಂಪ್ಯೂಟರು, ಗಾಳಿಗಿಂತ ಜಾಸ್ತಿ ಸದ್ದು ಮಾಡೋ ಫ್ಯಾನು. ಕಣ್ಣು ಉರೀತಿತ್ತು, ಕಾಲು ಎಳೀತಿತ್ತು. ಮನೆಗೆ ಹೋಗೋ ದಾರೀಲಿ ಒಂದು ಹಳೇ ಬಾವಿ ಇದೆ. ಈಗ ಯಾರೂ ಸೇದಲ್ಲ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದಾರೆ. ಪಕ್ಕದಲ್ಲೇ ನೆಲದೊಳಗೆ ವಾಲ್ವಿನ ಗುಂಡಿ. ಸುತ್ತಮುತ್ತಲ ಬೀದಿಗಳಿಗೆ ನಲ್ಲಿ ನೀರು ಬಿಡೋದು ಅಲ್ಲಿಂದಲೇ.

ಬಾವಿ ಹತ್ರ ಬಂದಾಗ ಸದ್ದು ಕೇಳಿಸ್ತು.

ಕಿರ್ರ್... ಕಿರ್ರ್... ಟಣ್.

ವಾಲ್ವ್ ತಿರುಗಿಸೋ ಉದ್ದನೆ ರಾಡಿನ ಸದ್ದು ಅದು. ಅದರ ಹಿಂದೇನೇ ನೆಲದಡಿ ಪೈಪಿನಲ್ಲಿ ಗುಳುಗುಳು. ನೋಡಿದ್ರೆ ಗುಂಡಿ ಪಕ್ಕ ಯಾರೋ ಕುಕ್ಕರುಗಾಲಲ್ಲಿ ಕೂತಿದಾರೆ, ಬೆನ್ನು ಈ ಕಡೆ. ನೀರು ಬಿಡೋ ಹೊಸಬ ಇರಬೇಕು ಅಂದ್ಕೊಂಡ ಭಾವ. ಇಷ್ಟು ಹೊತ್ತಲ್ಲಿ ಯಾಕಪ್ಪಾ ಅಂತ ಕೇಳಿದ.

ಕೂತಿದ್ದವನು ತಿರುಗಲಿಲ್ಲ. ಪಿಸುಮಾತಲ್ಲಿ ಅಂದ: "ಕರೀತಾನೇ ಇದಾರಲ್ಲ..."

ಅಷ್ಟರಲ್ಲಿ ಭಾವನ ಜೇಬಲ್ಲಿ ಫೋನು ಟಿಣ್ ಅಂತು. ಮೆಸೇಜು. 'ನಿಮ್ಮ ಬೀದಿಗೆ ನೀರು ಬಿಟ್ಟಿದೆ.' ಓದಿ ತಲೆ ಎತ್ತಿದ್ರೆ ಗುಂಡಿ ಹತ್ರ ಯಾರೂ ಇಲ್ಲ. ಮುಚ್ಚಳ ಮುಚ್ಚಿದ ಹಾಗೇ ಇದೆ, ಅದರ ತೂತಿನಲ್ಲಿ ರಾಡೂ ಇಲ್ಲ. ಎರಡಾಳು ಸೇರಿದ್ರೂ ಎತ್ತೋಕೆ ತಿಣುಕೋ ಮುಚ್ಚಳ ಅದು...

ಭಾವ ಓಡಲಿಲ್ಲವಂತೆ. ಓಡೋಕೂ ತ್ರಾಣ ಇರಲಿಲ್ಲ ಅಂತಾನೆ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಡುಗೆಮನೆ ನಲ್ಲಿ ಹುಸ್ಸ್... ಅಂತ ಗಾಳಿ ಬಿಟ್ಟು, ಕೆಮ್ಮಿ, ಧೋ ಅಂತ ಸುರೀತು. ನೀರು ನಿಜವಾಗ್ಲೂ ಬಂದಿತ್ತು. ಭಾವ ನಿಂತಲ್ಲೇ ನಿಂತ. ಯಾಕಂದ್ರೆ ಆ ಪಿಸುಮಾತು ಯಾರದು ಅಂತ ಅಷ್ಟು ಹೊತ್ತಿಗೆ ಅವನಿಗೆ ಹೊಳೆದಿತ್ತು.

ಈಗ ನೀರಣ್ಣನ ವಿಷಯ ಹೇಳಬೇಕು.

ನೀರಣ್ಣ ಅಂದ್ರೆ ಆ ಕಡೆ ಬೀದಿಗಳಿಗೆ ನೀರು ಬಿಡ್ತಿದ್ದವನು. ನಿಜವಾದ ಹೆಸರು ಬೇರೆ ಏನೋ ಇತ್ತು, ಕರೆಯೋರು ಇರಲಿಲ್ಲ. ಎಲ್ಲರ ಫೋನಲ್ಲೂ ಅವನ ನಂಬರು ಇತ್ತು. ಒಬ್ಬರ ಹತ್ರ ನೀರಣ್ಣ, ಇನ್ನೊಬ್ಬರ ಹತ್ರ ನೀರಿನವನು, ಜಗಳಗಂಟಿ ಟೀಚರಮ್ಮನ ಫೋನಲ್ಲಿ ಬರೀ 'ಕಿವುಡ'. ನೀರು ತಡವಾದ್ರೆ ಜನ ಫೋನು ಮಾಡೋರು, ಬಯ್ಯೋರು. ಹೆಗಲ ಮೇಲಿನ ಟವಲ್ಲಲ್ಲಿ ಬೆವರು ಒರೆಸಿಕೊಳ್ತಾ, ಬರ್ತೀನಮ್ಮಾ, ಬಂದೆ ಕಣಪ್ಪಾ ಅನ್ನೋನು. ಅವನ ಹೆಂಡತಿ ಮನೇಲಿ ಬಟ್ಟೆ ಹೊಲಿಯೋಳು. ಮಕ್ಕಳಿಲ್ಲ.

ನೀರಿನ ಆಫೀಸಿನವರು ಭಾವನ ಕಂಪನಿಗೆ ಒಂದು ಆ್ಯಪ್ ಮಾಡಿಕೊಡಿ ಅಂದ್ರು. ನೀರು ಬಿಟ್ಟ ಕೂಡಲೇ ಆ ಬೀದಿಯವರ ಫೋನಿಗೆ ಮೆಸೇಜು ಹೋಗಬೇಕು. ನೀರು ಬರದಿದ್ರೆ ಜನ ಆ್ಯಪ್ಪಲ್ಲಿ ಒಂದು ಬಟನ್ನು ಒತ್ತಬೇಕು, ನೀರು ಬಿಡೋನಿಗೆ ಮೆಸೇಜು ಹೋಗಬೇಕು. ಭಾವನೇ ಮಾಡಿದ. ಆ್ಯಪ್ ಹಾಕಿಕೊಳ್ಳೋವಾಗ ನಿಮ್ಮ ಫೋನಲ್ಲಿರೋ ನಂಬರುಗಳನ್ನ ನೋಡಬಹುದಾ ಅಂತ ಕೇಳುತ್ತಲ್ಲ, ಯಾರು ಓದ್ತಾರೆ, ಎಲ್ಲರೂ ಹೂಂ ಅಂತ ಒತ್ತಿದ್ರು. ದಿನಾ ರಾತ್ರಿ ಆ ನಂಬರುಗಳೆಲ್ಲ ಆಫೀಸಿನ ಡೇಟಾಬೇಸಿಗೆ ಹೋಗಿ ಬೀಳೋವು. ಉಗ್ರಾಣ ಇದ್ದ ಹಾಗೆ ಅದು, ಹಾಕಿದ್ದೆಲ್ಲ ಇಟ್ಟುಕೊಳ್ಳುತ್ತೆ. ಅಲ್ಲಿಂದ ಹುಡುಕಿ, ಯಾವ ಬೀದಿಗೆ ನೀರು ಬಿಡೋನು ಯಾರು ಅಂತ ಆ್ಯಪ್ಪೇ ಜೋಡಿಸಿಕೊಳ್ಳೋದು. ಚೆಂದದ ಕೆಲಸ ಅಂತ ಕಂಪನೀಲಿ ಬೆನ್ನು ತಟ್ಟಿದ್ರು.

ಚೆಂದ ಎಲ್ಲಿ... ಮೊದಲು ಫೋನು ಮಾಡೋಕೆ ಹಿಂದೆಮುಂದೆ ನೋಡ್ತಿದ್ದವರೂ ಈಗ ಬಟನ್ನು ಒತ್ತೋಕೆ ಶುರು ಮಾಡಿದ್ರು. ಹಾಸಿಗೇಲಿ ಮಲಗಿಕೊಂಡೇ ಒತ್ತೋರು. ನೀರಣ್ಣನ ಫೋನು ಹಗಲು ರಾತ್ರಿ ಟಿಣ್, ಟಿಣ್, ಟಿಣ್. ಒಂದು ದಿನ ಅವನೇ ಮೆಟ್ಟಿಲು ಹತ್ತಿ ಬೇಕರಿ ಮೇಲಿನ ಆಫೀಸಿಗೆ ಬಂದ. ಕಣ್ಣು ಗುಳಿ ಬಿದ್ದಿತ್ತು. ಬಯ್ಯಲಿಲ್ಲ. ಇದಕ್ಕೆ ರಾತ್ರಿ ಹೊತ್ತಾದ್ರೂ ಬಾಯಿ ಮುಚ್ಚೋಕೆ ಬರಲ್ವೇನಪ್ಪಾ ಅಂತ ಕೇಳಿದ. ಬರುತ್ತಣ್ಣ, ಮುಂದಿನ ವಾರ ಮಾಡಿಕೊಡ್ತೀನಿ ಅಂದ ಭಾವ. ಮುಂದಿನ ವಾರ ಇನ್ನೊಂದು ಕೆಲಸ ತಲೆಗೆ ಬಿತ್ತು, ಅದರ ಮುಂದಿನ ವಾರ ಮತ್ತೊಂದು.

ಒಂದು ಬೆಳಗಿನ ಜಾವ ನೀರಣ್ಣ ಗುಂಡಿ ಪಕ್ಕ ಸುಧಾರಿಸಿಕೊಳ್ಳೋಕೆ ಅಂತ ಕೂತ. ಏಳಲಿಲ್ಲ. ಡಾಕ್ಟರು ಹೃದಯ ಅಂದ್ರು. ಹೆಂಡತಿ, ನಿದ್ದೆಗೇಡು ಅಂದಳು.

ಅವನ ಜಾಗಕ್ಕೆ ಹೊಸಬ ಬಂದ. ಇಬ್ಬರು ಮಕ್ಕಳ ತಂದೆ, ಇದಕ್ಕೆ ಮುಂಚೆ ಎಲ್ಲೋ ಕಾವಲು ಕೆಲಸ ಮಾಡ್ತಿದ್ದೋನು. ಭಾವ ಹಳೇ ನಂಬರು ತೆಗೆದು ಹೊಸಬನ ನಂಬರು ಹಾಕಿದ. ಅಲ್ಲಿಗೆ ಮುಗೀತು ಅಂದ್ಕೊಂಡ್ರು. ಆದ್ರೆ ಆವಾಗಿಂದ ಹೊತ್ತಲ್ಲದ ಹೊತ್ತಲ್ಲಿ ನೀರು ಬರೋಕೆ ಶುರುವಾಯ್ತು. ರಾತ್ರಿಯೆಲ್ಲ ಹರಿದು ಟ್ಯಾಂಕು ಖಾಲಿ, ಹಗಲು ನಲ್ಲಿ ಒಣ ಒಣ. ಆಫೀಸಿನವರು ಹೊಸಬನನ್ನ ಹಿಡಿದುಕೊಂಡ್ರು. ನಾನು ಮಲಗಿದ್ದೆ ಸ್ವಾಮಿ, ಬೇಕಾದ್ರೆ ಮಕ್ಕಳ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ ಅಂದ. ಯಾರೂ ನಂಬಲಿಲ್ಲ. ಹೀಗೇ ಆದ್ರೆ ಕೆಲಸದಿಂದ ತೆಗೀತೀವಿ ಅಂದ್ರು.

ಬಾವಿ ಹತ್ರ ಅದನ್ನ ಕಂಡ ಮರುದಿನ ಭಾವ ಡೇಟಾಬೇಸು ತೆಗೆದು ನೋಡಿದ. ಆ ಮೆಸೇಜು ಕಳಿಸಿದ್ದು ಯಾವ ನಂಬರಿಂದ ಅಂತ... ನೀರಣ್ಣಂದು. ತಾನೇ ಕೈಯಾರೆ ತೆಗೆದಿದ್ದ ನಂಬರು ಮತ್ತೆ ಬಂದು ಕೂತಿತ್ತು. ಜನರ ಫೋನುಗಳಲ್ಲಿ ಇನ್ನೂ ಇದೆಯಲ್ಲ, ಅಲ್ಲಿಂದ ವಾಪಸು ಬಂದಿದೆ ಅಂದ್ಕೊಂಡ. ಇದರಲ್ಲೇನೂ ದೆವ್ವ ಭೂತ ಇಲ್ಲ ಅಂತ ತನಗೆ ತಾನೇ ಹೇಳಿಕೊಂಡು ನಂಬರು ಅಳಿಸಿದ. ಫೋನುಗಳಿಂದ ನಂಬರು ತಗೊಳ್ಳೋ ದಾರಿಯನ್ನೇ ಮುಚ್ಚಿಹಾಕಿದ.

ಮಾರನೇ ಬೆಳಿಗ್ಗೆ ನೋಡಿದ್ರೆ ದಾರಿ ಮುಚ್ಚಿದ ಹಾಗೇ ಇದೆ. ನಂಬರು ಮಾತ್ರ ಬಂದು ಕೂತಿದೆ.

ಆ ರಾತ್ರಿ ಭಾವ ಬೇಕು ಅಂತಲೇ ಬಾವಿ ಹಾದೀಲಿ ಹೋದ. ಕಿರ್ರ್... ಕಿರ್ರ್... ಟಣ್. ಅದೇ ಬೆನ್ನು. ಭಾವ ದೂರದಲ್ಲೇ ನಿಂತು ಕೂಗಿದ.

"ಅಣ್ಣಾ... ನಿನ್ನ ಹೆಸರು ತೆಗೆದೆ."

"ನಿನ್ನ ಹತ್ರ ತೆಗೆದೆ," ಅಂತು ಪಿಸುಮಾತು. "ಅವರ ಹತ್ರ ಇದೆಯಲ್ಲಪ್ಪಾ..."

ರಾಡು ಇನ್ನೊಂದು ಸುತ್ತು ತಿರುಗಿತು, ಕಿರ್ರ್... ಆಮೇಲೆ,

"ಕಾಲು ನೋಯುತ್ತೆ."

ಅಷ್ಟೇ. ನೋಡನೋಡುತ್ತಾ ಜಾಗ ಖಾಲಿ. ಭಾವ ಅಲ್ಲೇ ನೆಲದ ಮೇಲೆ ಕೂತುಬಿಟ್ಟನಂತೆ. ಹೆದರಿಕೆಗಿಂತ ಬೇರೆ ಏನೋ ಆಯ್ತು ಅಂತಾನೆ. ಆ 'ಕಾಲು ನೋಯುತ್ತೆ' ಅನ್ನೋ ಮಾತಲ್ಲಿ ಸಿಟ್ಟೇ ಇರಲಿಲ್ಲವಂತೆ.

ಮರುದಿನದಿಂದ ಭಾವ ಮನೆಮನೆ ಅಲೆಯೋಕೆ ಶುರು ಮಾಡಿದ. ನಿಜ ಹೇಳಿದ್ರೆ ಹುಚ್ಚ ಅಂತಾರೆ. ಆ್ಯಪ್ಪಲ್ಲಿ ತೊಂದರೆ ಇದೆ, ನೀರಣ್ಣನ ಹಳೇ ನಂಬರು ಅಳಿಸಿಬಿಡಿ ಅಂತ ಕೇಳಿಕೊಂಡ. ಕೆಲವರು ಕೂಡಲೇ ಅಳಿಸಿದ್ರು. ಕೆಲವರಿಗೆ ಅವನು ತೀರಿಕೊಂಡಿದ್ದೇ ಗೊತ್ತಿರಲಿಲ್ಲ, ಹೊಸ್ತಿಲಲ್ಲಿ ನಿಂತು ಛೇ ಛೇ ಅಂದ್ರು. ಒಬ್ಬ ಅಜ್ಜ, ಸತ್ತವರ ನಂಬರು ಅಳಿಸ್ತಾ ಹೋದ್ರೆ ನನ್ನ ಫೋನಲ್ಲಿ ಉಳಿಯೋದು ಗ್ಯಾಸ್ ಅಂಗಡಿ ಒಂದೇ ಅಂತ ಹಟ ಹಿಡಿದ. ಅವನನ್ನ ಒಪ್ಪಿಸೋಕೆ ಎರಡು ಸಂಜೆ ಹಿಡೀತು. ಕಿವುಡ ಅಂತ ಬರೆದುಕೊಂಡಿದ್ದ ಟೀಚರಮ್ಮ ಫೋನನ್ನ ಭಾವನ ಕೈಗೆ ಕೊಟ್ಟು ಒಳಗೆ ಹೋದಳು. ಹಗಲೆಲ್ಲ ಆಫೀಸು, ಸಂಜೆಯೆಲ್ಲ ಅಲೆದಾಟ. ಭಾವನ ಮುಖ ನೋಡಿದ್ರೆ ಅವನೇ ದೆವ್ವದ ಹಾಗೆ ಕಾಣ್ತಿದ್ದ.

ಆದ್ರೆ ಫಲ ಸಿಕ್ತು. ಯಾವ ಬೀದಿಯವರೆಲ್ಲ ಅಳಿಸಿದ್ರೋ ಆ ಬೀದಿಗೆ ರಾತ್ರಿ ಮೆಸೇಜು ನಿಲ್ತು, ನೀರೂ ನಿಲ್ತು. ಒಂದೊಂದೇ ಬೀದಿ ಮೌನ ಆಗ್ತಾ ಬಂತು. ಕೊನೆಗೆ ಆ ನಂಬರಿಂದ ರಾತ್ರಿಗೆ ಒಂದೇ ಒಂದು ಮೆಸೇಜು ಹೋಗ್ತಿತ್ತು. ಒಂದೇ ಫೋನಿಗೆ.

ಯಾರ ಫೋನು ಅಂತ ಹೇಳಬೇಕಾಗಿಲ್ಲ ಅಲ್ವಾ... ನೀರಣ್ಣನ ಹೆಂಡತಿದು.

ಭಾವ ನಾಲ್ಕು ದಿನ ಆ ಬಾಗಿಲು ತಟ್ಟಲಿಲ್ಲ. ರಾತ್ರಿಯೆಲ್ಲ ಒಂದೇ ಬೀದಿಗೆ ಹರಿದ್ರೂ ಟ್ಯಾಂಕಿಗೆ ಏಟೇ, ಹೊಸಬನ ಕೆಲಸ ಇನ್ನೂ ತೂಗುಯ್ಯಾಲೆಯಲ್ಲೇ ಇತ್ತು. ಅವನು ಬಂದು ಆಫೀಸಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದು ನೋಡಿ ಭಾವ ಎದ್ದು ಹೋದ.

ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡೋಕೆ ಜಾಗ ಇಲ್ಲ. ಬಿಂದಿಗೆ, ಬಕೆಟ್ಟು, ಪಾತ್ರೆ, ಚೊಂಬು, ಎಲ್ಲದರಲ್ಲೂ ನೀರು, ಕಂಠಮಟ್ಟ. ಹೊಲಿಗೆ ಮೆಷಿನಿನ ಮೇಲೆ ಲೋಟಗಳು, ಕಿಟಕಿ ಕಟ್ಟೆ ಮೇಲೆ ಲೋಟಗಳು. ಡಬ್ಬದ ಮುಚ್ಚಳಗಳನ್ನೂ ಅಂಗಾತ ಇಟ್ಟು ಅದರಲ್ಲೂ ತುಂಬಿಟ್ಟಿದ್ದಳು. ಅವಳು ನಡುವೆ ಚಾಪೆ ಮೇಲೆ ಕೂತು ಅಂಗಿಗೆ ಗುಂಡಿ ಹೊಲೀತಿದ್ದಳು.

"ದಿನಾ ಬಿಡ್ತಾನೆ," ಅಂದಳು, ಭಾವ ಕೇಳೋಕೆ ಮುಂಚೆನೇ. "ಅವನು ಬಿಟ್ಟ ನೀರು. ಚೆಲ್ಲೋಕೆ ಮನಸ್ಸು ಬರಲ್ಲಪ್ಪಾ."

ಭಾವ ಪಾತ್ರೆಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದ. ಚಾಪೆ ತುದೀಲಿ ಕೂತು ಎಲ್ಲಾ ಹೇಳಿದ. ಅವತ್ತು ನೀರಣ್ಣ ಆಫೀಸಿಗೆ ಬಂದು ಕೇಳಿದ್ದು, ತಾನು ಮುಂದಿನ ವಾರ ಅಂದಿದ್ದು, ಬಾವಿ ಹತ್ರ ಕಂಡಿದ್ದು, ಅದೂ. ಅವಳು ಹೊಲಿಯೋದು ನಿಲ್ಲಿಸಲಿಲ್ಲ. ಸೂಜಿ ಬಟ್ಟೆಗೆ ಹೋಗೋ ಪುಟ್ ಪುಟ್ ಸದ್ದು ಮಾತ್ರ. ಬಯ್ದುಬಿಟ್ಟಿದ್ರೆ ಚೆನ್ನಾಗಿತ್ತು ಅಂತಾನೆ ಭಾವ.

ಕೊನೆಗೆ ಹಲ್ಲಲ್ಲಿ ದಾರ ಕಡಿದು ಕೇಳಿದಳು:

"ದಣಿದಿದಾನಾ?"

"ಹೂಂ ಅತ್ತಿಗೆ. ಕಾಲು ನೋಯುತ್ತೆ ಅಂದ."

"ಎಡಗಾಲು," ಅಂದಳು. "ನಂಗೆ ಹೇಳ್ತಾನೇ ಇರಲಿಲ್ಲ. ಮಲಗಿದಾಗ ನಾನೇ ಒತ್ತೋಳು."

ಫೋನು ತಗೊಂಡು ಭಾವನ ಮುಂದೆ ಇಟ್ಟಳು, ನೀನೇ ಅಳಿಸು ಅಂದಳು. ಭಾವ ಕೈ ಹಿಂದಕ್ಕೆ ತಗೊಂಡ. ನನ್ನಿಂದ ಆಗಲ್ಲ ಅತ್ತಿಗೆ ಅಂದ. ಹಾಗಾದ್ರೆ ಎಲ್ಲಿ ಒತ್ತಬೇಕು ತೋರಿಸು ಅಂದಳು. ತೋರಿಸಿದ. ಅವಳು ಒತ್ತಿದಳು. ಫೋನು ಕೇಳ್ತು, ಖಂಡಿತ ಅಳಿಸಬೇಕಾ ಅಂತ. ಅವಳು ಅದನ್ನ ನಿಧಾನಕ್ಕೆ ಓದಿಕೊಂಡಳು. ಬಾಯಿ ಹತ್ರ ಫೋನು ಹಿಡಿದು, ಪಕ್ಕದಲ್ಲಿ ಮಲಗಿರೋರ ಹತ್ರ ಮಾತಾಡೋ ಹಾಗೆ ಅಂದಳು:

"ಸಾಕು ಬಿಡು. ಯಾರೂ ಕರೀತಿಲ್ಲ. ಮಲಗು."

ಒತ್ತಿದಳು.

ಅಡುಗೆಮನೆ ನಲ್ಲಿಯಿಂದ ಹುಸ್ಸ್... ಅಂತ ಗಾಳಿ ಬಂತು. ತುಂಬಾ ಉದ್ದಕ್ಕೆ. ದಿನವೆಲ್ಲ ದುಡಿದು ಬಂದವರು ಹಾಸಿಗೆಗೆ ಬೆನ್ನು ತಾಗಿಸಿದಾಗ ಉಸಿರು ಬಿಡ್ತಾರಲ್ಲ, ಹಾಗೆ. ನೀರು ಬರಲಿಲ್ಲ. ನಿಲ್ತು. ಅವಳು ಎದ್ದು ಹೋಗಿ ನಲ್ಲಿ ತಿರುಪು ಬಿಗಿ ಮಾಡಿ ಬಂದಳು. ಆಮೇಲೆ ಇಬ್ಬರೂ ಸೇರಿ ಕತ್ತಲಾಗೋವರೆಗೆ ಒಂದೊಂದೇ ಪಾತ್ರೆ ಹೊರಗೆ ಹೊತ್ತು ಚೆಲ್ಲಿದ್ರು. ಬರೀ ನೀರು ಮಣ್ಣಿಗೆ ಬೀಳೋ ಸದ್ದು.

ಆ ರಾತ್ರಿಯಿಂದ ಆ ನಂಬರು ಡೇಟಾಬೇಸಲ್ಲಿ ಕಾಣಲಿಲ್ಲ. ಹೊಸಬನ ಕೆಲಸ ಉಳೀತು. ಭಾವ ಆ್ಯಪ್ಪಲ್ಲಿ ರಾತ್ರಿ ಹೊತ್ತು ಯಾರು ಒತ್ತಿದ್ರೂ ಮೆಸೇಜು ಹೋಗದ ಹಾಗೆ ಮಾಡಿದ. ಎಷ್ಟು ಹೊತ್ತಿನ ಕೆಲಸ ಅದು ಅಂತ ನಾನು ಕೇಳಿದೆ ಒಂದ್ಸಲ. ಒಂದು ಟೀ ಕುಡಿಯೋಷ್ಟು ಅಂದ. ಅಂದು, ಆ ಕಡೆ ತಿರುಗಿಕೊಂಡ.

ಈಗ ನಾನು ಕಂಡಿದ್ದು.

ಬೇಸಿಗೇಲಿ ಆ ವಾಲ್ವ್ ರಿಪೇರಿ ಮಾಡೋಕೆ ಗುಂಡಿ ಮುಚ್ಚಳ ಎತ್ತಿದ್ರು. ನೀರಣ್ಣ ಹೋದಮೇಲೆ ಅದನ್ನ ಪೂರಾ ತೆಗೆದಿದ್ದೇ ಇಲ್ಲ, ಹೊಸಬ ಮುಚ್ಚಳದ ಸಣ್ಣ ತೂತಿನಲ್ಲೇ ರಾಡು ಇಳಿಸಿ ತಿರುಗಿಸ್ತಿದ್ದ. ನಾನು ಭಾವನ ಜೊತೆ ಅಲ್ಲೇ ನಿಂತಿದ್ದೆ, ಹಗಲು, ಬಿಸಿಲು. ಒಳಗೆ ಸೊಂಟದ ಮಟ್ಟ ನೀರು ನಿಂತಿತ್ತು. ಹೊಸಬ ಇಳಿದು ಕಾಲಲ್ಲಿ ತಡಕಾಡಿದ. ಏನೋ ಇದೆ ಅಂತ ಬಗ್ಗಿ, ನೀರೊಳಗಿಂದ ಎತ್ತಿ ನನ್ನ ಕೈಗೆ ಕೊಟ್ಟ.

ಒಂದು ಟವಲ್ಲು. ನಾಲ್ಕು ಮಡಿಕೆ ಮಾಡಿದ್ದು, ತಲೆಯಡಿ ಇಟ್ಟುಕೊಳ್ಳೋಕೆ ಮಡಿಚ್ತಾರಲ್ಲ, ಹಾಗೆ.

ಆಣೆ ಪ್ರಮಾಣ ಬೇಡ, ಇದೇ ಕೈಲಿ ಹಿಡಿದಿದ್ದೆ... ಟವಲ್ಲು ಒಣಗಿತ್ತು.