ಜಾವೇದ್ ಬಿಟ್ಟೆದ್ದ ಹಾಸಿಗೆ

ಕಳಸಕ್ಕೆ ಹೊರಟ ಕೊನೆಯ ಬಸ್ಸು ಆ ರಾತ್ರಿ ಮುಂದಕ್ಕೆ ಹೋಗಲೇ ಇಲ್ಲ. ತಿರುವಿನಾಚೆ ರಸ್ತೆಗೆ ಅಡ್ಡಲಾಗಿ ದೊಡ್ಡ ಮರವೊಂದು ಉರುಳಿತ್ತು. ಮಳೆಯೋ, ಒಂದೇ ಸಮನೆ ಹೊಡೆಯುತ್ತಿತ್ತು. ಬಸ್ಸಿನಲ್ಲಿದ್ದ ನಾಲ್ಕೈದು ಜನ ರಸ್ತೆ ಬದಿಯ ಗ್ಯಾರೇಜಿನೊಳಗೆ ಸೇರಿಕೊಂಡರು. ಗ್ಯಾರೇಜಿನ ಯಜಮಾನ ಇನಾಯತುಲ್ಲಾ ಸಾಹೇಬರಿಗೆ ಎಪ್ಪತ್ತು ದಾಟಿತ್ತು. ಸ್ಪ್ಯಾನರ್ ಹಿಡಿಯುವ ಕೈ ನಡುಗುತ್ತಿದ್ದರೂ ನಾಲಿಗೆ ನಡುಗುತ್ತಿರಲಿಲ್ಲ. ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟ ಅವರು, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ನಾಗೇಶ ಮಾತ್ರ ಲೋಟ ಮುಟ್ಟದೆ ಕೂತಿದ್ದನ್ನು ನೋಡಿ ಯಾಕೆಂದು ಕೇಳಿದರು.

“ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟಿದೀನಿ ಸಾಹೇಬ್ರೆ. ರಾತ್ರಿ ನಿದ್ದೆನೇ ಬರಲ್ಲ. ಮಾತ್ರೆನೂ ಬಿಡ್ಬೇಕು ಅಂತಿದೀನಿ. ನಿದ್ದೆ ಬರ್ದಿದ್ರೆ ಎದ್ದು ಹೊರಗೆ ಕೂತ್ಕೊಳ್ಳಿ ಅಂದಿದಾರೆ ಡಾಕ್ಟ್ರು.”

ಸಾಹೇಬರ ಮುಖದ ನಗು ಆರಿತು. ಹಚ್ಚಲೆಂದು ತೆಗೆದ ಬೀಡಿಯನ್ನು ಹಾಗೆಯೇ ಕಿಸೆಗೆ ಹಾಕಿಕೊಂಡರು.

“ಎದ್ದು ಹೊರಗೆ ಕೂತ್ಕೊಳ್ಳಿ ಅಂದ್ರಾ... ಹಂಗಾದ್ರೆ ಕೇಳು ಮಾರಾಯ. ಇಲ್ಲೇ ಮೇಲ್ಗಡೆ ಜಾವೇದ್ ಅಂತ ಒಬ್ಬ, ನನ್ನ ಕೈಕೆಳಗೇ ಕೆಲಸ ಕಲ್ತವನು, ಜೀಪ್ ಇಟ್ಕೊಂಡು ಬೆಳಿಗ್ಗೆ ಶಾಲೆ ಮಕ್ಕಳನ್ನ ಕಳಸಕ್ಕೆ ಬಿಡೋದು, ಸಂಜೆ ವಾಪಸ್ ತರೋದು ಮಾಡ್ತಿದ್ದ. ಹೋದ ವರ್ಷ ಅವನಿಗೆ ನಿದ್ದೆ ಬಿಟ್ಟೋಯ್ತು. ಯಾಕೆ ಅಂದ್ರೆ ಏನು ಹೇಳೋದು? ನೆಂಟರಾದ್ರೆ ಹೇಳಿ ಹೋಗ್ತಾರೆ, ನಿದ್ದೆ ಹೇಳಿ ಹೋಗುತ್ತಾ? ಆರು ತಿಂಗಳು... ಕಣ್ಣು ಕೆಂಡ ಆಗಿತ್ತು. ಒಂದಿನ ತಿರುವಲ್ಲಿ ರೆಪ್ಪೆ ಮುಚ್ಕೊಂಡು, ಜೀಪಿನ ಮುಂದಿನ ಚಕ್ರ ಚರಂಡಿಗಿಳೀತು. ಹಿಂದೆ ಹನ್ನೊಂದು ಮಕ್ಕಳು. ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಇಲ್ಲಿ ಬಂದು ನನ್ನ ಕೈ ಹಿಡ್ಕೊಂಡು ಅತ್ತುಬಿಟ್ಟ. ಚಿಕ್ಕಮಗಳೂರಿಗೆ ಕರ್ಕೊಂಡೋದೆ. ಘಾಟಿಲಿ ಜೀಪ್ ಓಡಿಸೋನಿಗೆ ಮಾತ್ರೆ ಬೇಡ ಅಂದ ಡಾಕ್ಟ್ರು, ನಿನಗೆ ಹೇಳಿದ್ದೇ ಅವನಿಗೂ ಹೇಳಿದ್ರು. ನಿದ್ದೆ ಬರ್ಲಿಲ್ವಾ, ಎದ್ದು ಹೋಗು. ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ ಬಾ. ಒಳ್ಳೆ ಮಾತೇ, ಇಲ್ಲ ಅನ್ನಲ್ಲ. ಎಷ್ಟೋ ಜನಕ್ಕೆ ಗುಣ ಆಗಿದೆ.

“ಆದ್ರೆ ನಮ್ಮಲ್ಲಿ ಒಂದು ರೂಢಿ ಇದೆ. ಮಲಗಿದ್ದೋನು ಎದ್ದೋಗಿ ವಾಪಸ್ ಬಂದ್ರೆ ಮೂರು ಸಲ ಹಾಸಿಗೆ ಕೊಡವಿ ಮಲಗ್ಬೇಕು. ‘ನೀನು ಎದ್ಮೇಲೆ ಅಲ್ಲಿ ಏನು ಬಂದು ಮಲಗಿತ್ತೋ ನಿನಗೇನು ಗೊತ್ತು ಮಗಾ’ ಅಂತ ಅವನಮ್ಮ ಮರಿಯಂ ಚಿಕ್ಕಂದಿನಿಂದ ಹೇಳಿಕೊಟ್ಟಿದ್ಲು. ಮೊದಲೆರಡು ದಿನ ಕೊಡವಿದ. ರಾತ್ರಿಗೆ ಹತ್ತು ಸಲ ಏಳೋನು... ಹತ್ತು ಸಲ ಕೊಡವಿದ್ರೆ ಪಕ್ಕದಲ್ಲಿ ಮಲಗಿರೋ ಮಗು ಜಿಕ್ರಾ ಎದ್ದು ಅಳುತ್ತೆ, ಹೆಂಡ್ತಿ ಶಾಝಿಯಾನೂ ನಿದ್ದೆಗೆಡ್ತಾಳೆ. ನನ್ನ ರೋಗ ಅವರಿಗ್ಯಾಕೆ ಅಂತ ಬಿಟ್ಟ. ಪ್ರೀತಿಗೆ ಬಿಟ್ಟಿದ್ದು, ನೋಡು. ತಪ್ಪು ಅಂತ ಯಾವ ಬಾಯಲ್ಲಿ ಹೇಳ್ಲಿ?

“ಒಂದು ಬೆಳಿಗ್ಗೆ ಶಾಝಿಯಾ ನಗ್ತಾ, ‘ರಾತ್ರಿ ಏನು ಗೊರಕೆ ರೀ ನಿಮ್ದು!’ ಅಂದ್ಲು. ಅವನು ಇಡೀ ರಾತ್ರಿ ಜಗಲಿ ಮೇಲೆ ಕೂತಿದ್ದ.

“ಮಾರನೇ ರಾತ್ರಿ ಜಗಲಿಯಿಂದ ಅವನೇ ಕೇಳಿಸ್ಕೊಂಡ. ಗೊರಕೆ... ಅವನದೇ ಗೊರಕೆ. ಒಳಗೋಗಿ ನೋಡಿದ್ರೆ ಅವನ ಜಾಗದಲ್ಲಿ, ಅವನ ಕಂಬಳಿ ಹೊದ್ದು, ಗೋಡೆ ಕಡೆ ಮುಖ ಮಾಡಿ ಯಾರೋ ಮಲಗಿದಾರೆ. ಕೊಡವೋಣ ಅಂದ್ರೆ ಹಾಸಿಗೆ ಖಾಲಿ ಇದ್ರೆ ತಾನೇ? ಭುಜ ಹಿಡಿದು ಅಲುಗಾಡಿಸಿದ. ಬೆಚ್ಚಗಿತ್ತಂತೆ. ಏಳ್ಲಿಲ್ಲ. ಶಾಝಿಯಾಗೆ ಎಚ್ಚರ ಆಯ್ತು. ‘ಶಾಝಿಯಾ, ನಾನು ಇಲ್ಲಿದೀನಿ’ ಅಂದ. ಅವಳು ಇವನು ನಿಂತಿದ್ದ ಕಡೆ ಒಂದ್ಸಲ ನೋಡಿ, ಏನೂ ಕಾಣ್ದೋಳ ಹಂಗೆ ತಿರುಗಿ, ಮಲಗಿದ್ದೋನಿಗೆ ಕಂಬಳಿ ಸರಿ ಮಾಡಿ ಮಲಗಿದ್ಲು. ಬೆಳಿಗ್ಗೆ ಆ ಮಲಗಿದ್ದೋನು ಎದ್ದು, ಮುಖ ತೊಳ್ದು, ಮಗೂಗೆ ಮುತ್ತು ಕೊಟ್ಟು, ಜೀಪ್ ಕೀ ತಗೊಂಡು ಹೋದ. ಮೂಗು, ಮೀಸೆ, ನಡಿಗೆ, ಎಲ್ಲ ಜಾವೇದೇ. ಇವನು ಜಗಲಿ ಮೇಲೆ ನಿಂತು ನೋಡ್ತಾ ಇದ್ದ.

“ನಾನೇನು ಸುಮ್ನೆ ಕೂತ್ನಾ? ಶಾಝಿಯಾ ಹತ್ರ ಹೋಗಿ ಎಲ್ಲ ಹೇಳ್ದೆ. ಅವಳು ಕಣ್ಣೀರು ಹಾಕ್ಕೊಂಡು, ‘ಚಾಚಾ, ಆರು ತಿಂಗಳಾದ್ಮೇಲೆ ಅವ್ರು ನಿದ್ದೆ ಮಾಡ್ತಿದಾರೆ. ದಮ್ಮಯ್ಯ, ಎಬ್ಬಿಸ್ಬೇಡಿ’ ಅಂದ್ಲು. ಇನ್ನೇನು ಹೇಳ್ಲಿ? ಆ ಮಲಗಿದ್ದೋನು ಜೀಪನ್ನ ಒಂದು ಕಡೆನೂ ತಾಗಿಸಿಲ್ಲ, ಮಕ್ಕಳು ಮಾಮ ಮಾಮ ಅಂತ ಹಿಂದೆ ಬೀಳ್ತಾರೆ, ಮನೇಲಿ ದನಿ ಎತ್ತಲ್ಲ. ಜಾವೇದ್‌ಗಿಂತ ಒಳ್ಳೆ ಜಾವೇದ್! ಯಾವ ಠಾಣೆಗೆ ಹೋಗಿ ದೂರು ಕೊಡೋದು, ಇವನು ಚೆನ್ನಾಗಿ ನಿದ್ದೆ ಮಾಡ್ತಾನೆ ಅಂತ?”

ನಾಗೇಶ ಆರಿಹೋದ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ.

“ಅಲ್ಲ ಸಾಹೇಬ್ರೆ... ಶಾಝಿಯಾಗೇ ಅವನು ಕಾಣಲ್ಲ ಅಂದ್ರೆ, ಇದನ್ನೆಲ್ಲ ನಿಮಗೆ ಹೇಳಿದ್ದು ಯಾರು?”

“ಅವನೇ. ನಂಗೂ ವಯಸ್ಸಾಯ್ತಲ್ಲ, ನಿದ್ದೆ ಇಲ್ಲ. ನಿದ್ದೆ ಇಲ್ದೋನು ನಿದ್ದೆ ಇಲ್ದೋರ ಕಣ್ಣಿಗೆ ಮಾತ್ರ ಬೀಳ್ತಾನೆ. ಮನೇಲಿ ಮಲಗೋಕೆ ಜಾಗ ಇಲ್ಲ ಅಂತ ರಾತ್ರಿ ಆದ್ರೆ ಇಲ್ಲಿಗೇ ಬರ್ತಾನೆ. ‘ನನ್ನ ಕತೆ ಹೇಳಿ ಚಾಚಾ, ಯಾರಾದ್ರೂ ಒಬ್ರು ನಂಬ್ತಾರೇನೋ’ ಅಂತಾನೆ. ನಾನು ಹೇಳ್ತೀನಿ, ಕೇಳ್ದೋರು ನಗ್ತಾ ಮನೆಗೆ ಹೋಗ್ತಾರೆ...” ಸಾಹೇಬರು ನಾಗೇಶನ ಭುಜದಾಚೆಗೆ ನೋಡಿ ನಿಟ್ಟುಸಿರು ಬಿಟ್ಟರು. “ನಿನ್ನ ಕಣ್ಣಿಗೂ ಬಿದ್ದಿರಬೇಕಲ್ಲ ನಾಗೇಶ? ಹೆದರ್ಬೇಡ, ಯಾರಿಗೂ ಏನೂ ಮಾಡಲ್ಲ ಅವನು. ಸ್ವಲ್ಪ ಸರ್ಕೋ ಮಾರಾಯ. ಪಾಪ, ಆವಾಗಿಂದ ನಿಂತೇ ಇದಾನೆ.”