ಕೊಳದ ಬಗ್ಗೆ ಎರಡು ನಿಮಿಷ

ಬಸ್ಸಿನ ಸಾಲಿನಲ್ಲಿ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳ ಮುಂದೆ ಇಬ್ಬರಿದ್ದರು: ಎರಡು ನಿಮಿಷದ ಭಾಷಣ ಬರೆದ ಕಾಗದ ಹಿಡಿದ ಸಂಶೋಧಕಿ, ಮೊಬೈಲಿನಲ್ಲಿ ಸಮಯ ನೋಡುತ್ತಿದ್ದ ಆ ಸಂಶೋಧಕಿಯ ಚಿಕ್ಕಮ್ಮ. ಕೈಯಲ್ಲಿ ಪುಸ್ತಕ ತೆರೆದಿದ್ದರೂ ಹುಡುಗಿಯ ಕಿವಿಯೆಲ್ಲ ಅತ್ತಲೇ.

"ನಮಸ್ಕಾರ. ಹಳೇ ಗಿರಣಿಯ ಹಿಂದಿನ ಕೊಳದಲ್ಲಿ, ಬೇರೆಲ್ಲೂ ಕಾಣದ ಒಂದು ಬಸವನಹುಳು ಇದೆ. ನಾಲ್ಕು ವರ್ಷದಿಂದ ನಾನು ಅದರ ಸಂಶೋಧನೆ ಮಾಡುತ್ತಿದ್ದೇನೆ."

"ನಿಲ್ಲಿಸು. ಸತ್ತವರ ಮನೇಲಿ ಮಾತಾಡಿದ ಹಾಗೆ ಹೇಳ್ತೀಯಲ್ಲೇ! ಸ್ವಲ್ಪ ನಗ್ತಾ ಹೇಳು."

"ನಗು ಬರ್ತಿಲ್ಲ ಚಿಕ್ಕಮ್ಮ. ಕೊಳ ಮುಚ್ಚಿಬಿಟ್ರು."

"ಯಾವಾಗ?"

"ಹೋದ ತಿಂಗಳು. ಲಾರಿಗಟ್ಟಲೆ ಮಣ್ಣು ಸುರಿದ್ರು. ಈಗ ಅಲ್ಲಿ ಕಾರು ನಿಲ್ಲಿಸ್ತಾರೆ."

"ಅಯ್ಯೋ! ನಿಮ್ಮ ಗೈಡಿಗೆ ಹೇಳಿದ್ಯಾ?"

"ಇಲ್ಲ. ಹೇಳಿದ್ರೆ ಬೇರೆ ವಿಷಯ ಹುಡುಕು ಅಂತಾರೆ. ನಾಲ್ಕು ವರ್ಷ ನೀರುಪಾಲು."

"ನೀರೆಲ್ಲಿದೆ, ಮಣ್ಣುಪಾಲು ಅನ್ನು."

ಇಬ್ಬರೂ ನಗಲಿಲ್ಲ.

"ಇವತ್ತು ಭಾಷಣಕ್ಕೆ ಅವರೂ ಎದುರಿಗೇ ಕೂತಿರ್ತಾರಲ್ವಾ?"

"ಮೊದಲನೇ ಸಾಲಲ್ಲೇ."

"ಕೊಳ ಹೇಗಿದೆಯಮ್ಮ ಅಂತ ಕೇಳಿದ್ರೆ?"

"ಗೊತ್ತಿಲ್ಲ. ಅಳೋಣ ಅಂದ್ರೆ ಅಳೂ ಬರ್ತಿಲ್ಲ."

ಬಸ್ಸು ಬಂತು. ಅದು ಗ್ರಂಥಾಲಯದ ಹುಡುಗಿಯ ಬಸ್ಸಲ್ಲ. ಸಂಶೋಧಕಿ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಇನ್ನೊಂದ್ಸಲ ಹೇಳ್ತೀನಿ, ಟೈಮ್ ನೋಡಿ. ನಮಸ್ಕಾರ. ನಾನು ನಾಲ್ಕು ವರ್ಷ ನೋಡಿಕೊಂಡು ಬಂದ ಹುಳುಗಳು ಹೋದ ತಿಂಗಳು ಮಣ್ಣಿನಡಿ ಸೇರಿದವು."

"ಏಳು ಸೆಕೆಂಡು," ಅಂದರು ಚಿಕ್ಕಮ್ಮ, ಮೆಟ್ಟಿಲು ಹತ್ತುತ್ತಾ. "ಉಳಿದ ಸಮಯಕ್ಕೆ ಏನು ಹೇಳ್ತೀಯಾ?"

"ಏನೂ ಇಲ್ಲ. ಸುಮ್ನೆ ನಿಂತಿರ್ತೀನಿ."

ಬಾಗಿಲು ಮುಚ್ಚಿತು.