ಶಾಲು ಕಿತ್ತೆಸೆದ ಸಾಹುಕಾರ

ಒಂದು ಪೇಟೆಯೂರು. ಅಲ್ಲಿ ಅರಿವೆ ಅಂಗಡಿಯ ಸಾಹುಕಾರರೊಬ್ಬರು, ಹೆಸರು ಗುರುಬಸಪ್ಪ. ಅಂಗಡಿ ದೊಡ್ಡದು, ಮನೆ ಅದಕ್ಕಿಂತ ದೊಡ್ಡದು. ಮಾತಿಗೆ ಮೊದಲು ನಗುವ ಮನುಷ್ಯ. ಗಿರಾಕಿಯ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದು ಕೂರಿಸುವವರು. ಅಂಥವರಿಗೆ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತ ನಿಂತಲ್ಲೇ, ಲಕ್ವಾ ಹೊಡೆಯಿತು. ಎಡಗೈ ಜೋತುಬಿತ್ತು, ಎಡಗಾಲು ಕುಸಿಯಿತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತು.

ಊರಿಗೆ ಊರೇ ಆಸ್ಪತ್ರೆಯ ಮುಂದೆ ಬಂದು ನಿಂತಿತು. ಆ ಪ್ರೀತಿ ಸುಳ್ಳಲ್ಲ. ಹೆಂಡತಿ ದಾಕ್ಷಾಯಣಿ ತುತ್ತು ಮಾಡಿ ಉಣಿಸಿದಳು, ಎಣ್ಣೆ ತಿಕ್ಕಿದಳು, ಗೋಡೆ ಹಿಡಿಸಿ ನಡೆಸಿದಳು. ಕೆಲವು ತಿಂಗಳಲ್ಲಿ ಬಾಯಿ ನೆಟ್ಟಗಾಯಿತು, ಕಾಲಿಗೆ ಬಲ ಬಂತು, ಕೈಯೂ ಎತ್ತಲು ಬಂತು. ಸಾಹುಕಾರರು ಗೆದ್ದರು ಎಂದು ಊರು ನಿಟ್ಟುಸಿರು ಬಿಟ್ಟಿತು.

ಕಥೆ ಮುಗಿಯಿತು ಅಂದುಕೊಂಡಿರಾ? ಊರವರೂ ಹಾಗೇ ಅಂದುಕೊಂಡರು.

ಕೈಕಾಲು ಬಂದ ಹಿಂದೆಯೇ, ನೋಡಿ, ಇನ್ನೊಂದು ಬಂತು. ಮೊದಲು ಎಡಗೈ ಬೆರಳ ತುದಿಯಲ್ಲಿ ಜುಮುಜುಮು. ಆಮೇಲೆ ಉರಿ. ಬೆರಳಿನಿಂದ ತೋಳಿಗೆ, ತೋಳಿನಿಂದ ಪಕ್ಕೆಗೆ, ಪಕ್ಕೆಯಿಂದ ಕಾಲಿಗೆ. ಎಡಮೈಗೆಲ್ಲ ಖಾರ ಸವರಿದ ಹಾಗೆ. ತಣ್ಣೀರು ಬಿದ್ದರೆ ಕಾದ ಎಣ್ಣೆ ಬಿದ್ದಂತೆ. ಫ್ಯಾನಿನ ಗಾಳಿ ತಾಗಿದರೆ ಸೂಜಿ. ಹಗುರಾಗಿ ತಾಗಿದಷ್ಟೂ ನೋವು ಹೆಚ್ಚು. ಅರಿವೆ ಮಾರಿ ಬದುಕಿದ ಮನುಷ್ಯನಿಗೆ ಮೈಮೇಲಿನ ತೆಳು ಅಂಗಿಯೇ ವೈರಿಯಾಯಿತು.

ತಮ್ಮನಿಗೆ ಹೇಳಿದರು. ತಮ್ಮ ಅಣ್ಣನ ತೋಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಎಲ್ಲೈತಿ ಅಣ್ಣಾ? ಬಾವಿಲ್ಲ, ಗಾಯಿಲ್ಲ. ಏನೂ ಕಾಣವಲ್ದು."

"ಒಳಗ ಉರೀತೈತೋ."

"ಇಷ್ಟು ದೊಡ್ಡ ಗಂಡಾಂತರ ಪಾರಾಗಿ ಬಂದಿ. ಇದನ್ನೇನು ಹಿಡ್ಕೊಂಡು ಕುಂತಿ?"

ಊರಿನ ಡಾಕ್ಟರರು ಮುಷ್ಟಿ ಕಟ್ಟಿಸಿ ನೋಡಿ, "ಶಕ್ತಿ ಚಲೋ ಬಂದೈತ್ರಿ, ಚಿಂತಿ ಬಿಡ್ರಿ" ಎಂದು ಕಳಿಸಿದರು. ಎರಡು ಕಡೆ ಬಾಯಿಬಿಟ್ಟು ಹೇಳಿದ್ದಾಯಿತು, ಎರಡು ಕಡೆಯೂ ಬಾಯಿ ಮುಚ್ಚಿಸಿದರು. ಮೂರನೆಯವರ ಮುಂದೆ ಹೇಳಲು ಯಾರಿಗಾದರೂ ನಾಚಿಕೆಯಾಗುತ್ತದೆ, ಅಲ್ಲವೇ? ಎಲುಬು ಮುರಿದವನಾದರೆ ಕಟ್ಟಿದ ಪಟ್ಟಿ ತೋರಿಸಬಹುದು. ಗುರುಬಸಪ್ಪನವರು ಏನು ತೋರಿಸಬೇಕು? ಹೆಂಡತಿಗೂ ಹೇಳಲಿಲ್ಲ. ಅಷ್ಟು ಸೇವೆ ಮಾಡಿದವಳಿಗೆ, ನಿನ್ನ ಗಂಡ ಇನ್ನೂ ವಾಸಿಯಾಗಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ನುಂಗಿಕೊಂಡರು.

ಅಷ್ಟರಲ್ಲಿ ವರ್ತಕರ ಸಂಘದವರು, ಸಾಹುಕಾರರು ಗುಣವಾಗಿ ಬಂದರೆಂದು, ಸನ್ಮಾನ ಇಟ್ಟರು. ಹಾರ ಹಾಕಿದರು, ಸಾಹುಕಾರರು ಹಲ್ಲು ಕಚ್ಚಿ ತಡೆದುಕೊಂಡರು. ಆಮೇಲೆ ಜರಿಯಂಚಿನ ಶಾಲು ಹೊದಿಸಿದರು. ಆ ಜರಿ ಎಡತೋಳನ್ನು ಸವರಿಕೊಂಡು ಇಳಿಯಿತು. ಅವರ ಕಣ್ಣಿಗೆ ಕತ್ತಲೆ ಬಂತು. ಶಾಲು ಕಿತ್ತು ವೇದಿಕೆಯ ಮೇಲೆ ಎಸೆದು, ಇಳಿದು, ಮನೆಗೆ ನಡೆದುಬಿಟ್ಟರು.

ಊರು ಏನೆಂದಿತು? "ಜೀವ ಉಳಿದಿದ್ದ ತಡ, ಸೊಕ್ಕು ಬಂತು ನೋಡ್ರಿ" ಎಂದಿತು. ಒಬ್ಬರಾದರೂ ಹಿಂದೆ ಹೋದರೇ? ಯಾಕೆ ಹೀಗೆ ಮಾಡಿದಿರಿ ಎಂದು ಒಬ್ಬರಾದರೂ ಕೇಳಿದರೇ? ಇಲ್ಲ.

ಅಂದಿನಿಂದ ಅವರು ಮಹಡಿಯ ಕೋಣೆ ಸೇರಿದರು. ಗಾಳಿ ಬರದಂತೆ ಕಿಟಕಿ ಮುಚ್ಚಿ, ಅಂಗಿಯ ಎಡತೋಳು ಕಳಚಿ, ಗೋಡೆಗೂ ತಾಗದಂತೆ ನಡುಕೋಣೆಯಲ್ಲಿ ಕುರ್ಚಿ ಹಾಕಿ ಕೂರುವರು. ಕೆಳಗಿನ ಓಣಿಯಲ್ಲಿ ಹಳೆಯ ಗೆಳೆಯರು ಹಾದುಹೋಗುವುದು ಕೇಳುತ್ತಿತ್ತು. ಮನೆಯ ಮುಂದೆ ಬಂದಾಗ ಅವರ ಮಾತು ತಗ್ಗುವುದು, ದಾಟಿದ ಮೇಲೆ ಮತ್ತೆ ಏರುವುದು. ಹಾಸಿಗೆ ಹಿಡಿದಿದ್ದಾಗ ಈ ಮನೆಯಲ್ಲಿ ಚಪ್ಪಲಿ ಬಿಡಲು ಜಾಗ ಇರಲಿಲ್ಲವಲ್ಲ, ಆವಾಗಲೇ ಚೆನ್ನಾಗಿತ್ತು ಎಂದು ಅವರಿಗೆ ಅನ್ನಿಸುವುದು. ಎಂಥ ಒಂಟಿತನ ಇರಬೇಕು ನೋಡಿ, ಬಿದ್ದ ದಿನಗಳೇ ಬೇಕೆನ್ನಿಸಲು.

ಒಂದು ಸಂಜೆ ದಾಕ್ಷಾಯಣಿ ಚಹಾ ತಂದು, ಹಿಂದಿನಿಂದ ಬಂದು ಮೆಲ್ಲಗೆ ಅವರ ಎಡಹೆಗಲ ಮೇಲೆ ಕೈಯಿಟ್ಟಳು. "ಮುಟ್ಟಬ್ಯಾಡ" ಎಂದು ಅವರು ಕೊಡವಿದ ರಭಸಕ್ಕೆ ಚಹಾ ಚೆಲ್ಲಿತು. ಅವಳು ನೆಲ ಒರೆಸಿ ಕೆಳಗೆ ಹೋದಳು. ಕೂಗಿ ಕರೆಯಬೇಕೆಂದು ಅವರ ನಾಲಿಗೆಯವರೆಗೆ ಬಂತು. ಕರೆದು ಏನು ಹೇಳುವುದು? ಮತ್ತೆ ಅವಳು ಮುಟ್ಟಲಿಲ್ಲ. ಊಟದ ತಟ್ಟೆ ಬಾಗಿಲ ಬಳಿ ಬಂದು ಕೂರತೊಡಗಿತು. ಒಂದೇ ಮನೆ, ಒಂದೇ ಒಲೆ, ಇಬ್ಬರು ಪರಕೀಯರು.

ಕಡೆಗೊಂದು ದಿನ ಅವಳು, "ನಾ ತವರಿಗೆ ಹೋಗತೀನಿ. ನಾ ಇದ್ರ ನಿಮಗ ತ್ರಾಸ" ಎಂದಳು. ಗುರುಬಸಪ್ಪನವರು ಅಂಗಿ ತೊಟ್ಟು ಅವಳ ಹಿಂದೆ ಬಸ್ ಸ್ಟ್ಯಾಂಡಿಗೆ ನಡೆದರು.

ಬಸ್ ಬಂತು, ಜನ ನುಗ್ಗಿದರು. ನುಗ್ಗುವವರಲ್ಲಿ ಯಾರೋ ಒಬ್ಬ ಹೆಣ್ಣುಮಗಳ ಸೆರಗು ಅವರ ಎಡಗೈಗೆ ಸೋಕಿ ಹೋಯಿತು. ಬರೀ ಸೆರಗು. ಸಾಹುಕಾರರು ನರಳಿ, ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು. ಮೈ ನಡುಗುತ್ತಿತ್ತು, ಕಣ್ಣಲ್ಲಿ ನೀರು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ದಾಕ್ಷಾಯಣಿ ಆ ಸೆರಗು ಸೋಕಿದ್ದನ್ನೂ ಅವರು ಕುಸಿದದ್ದನ್ನೂ ಕಂಡಳು.

"ಹತ್ತತೀರೇನ್ ಇಲ್ರೀ ಯವ್ವಾ?" ಎಂದ ಕಂಡಕ್ಟರ್.

ಅವಳು ಕಾಲು ಕೆಳಗಿಟ್ಟಳು. ಬಸ್ ಹೋಯಿತು.

"ನನ್ನ ಕೈ ಕಂಡ್ರ ನಿಮಗ ಹೇಸಿಕಿ ಅಂತ ತಿಳಕೊಂಡಿದ್ನಿ" ಎಂದಳು.

"ಹೇಸಿಕಿ ಅಲ್ಲ. ಉರಿ. ಯಾರು ಮುಟ್ಟಿದ್ರೂ ಉರಿ."

"ಹ್ಯಾಂಗ ಉರೀತೈತಿ? ಹೇಳ್ರಿ, ಕೇಳತೀನಿ."

ನೋಡಿ, ಆ ಮಾತನ್ನು ಅವರಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಎಲ್ಲಿ ತೋರಿಸು ಎಂದವರಿದ್ದರು, ಹೇಗೆ ಎಂದವರಿರಲಿಲ್ಲ. ಅವರು ಹೇಳಿದರು. ನೀರಿನದು, ಗಾಳಿಯದು, ಅಂಗಿಯದು, ಶಾಲಿನದು, ಆ ಸಂಜೆಯದು, ಎಲ್ಲ ಹೇಳಿದರು. ಅವಳು ನಡುವೆ ಬಾಯಿ ಹಾಕಲಿಲ್ಲ. ಎಡಕ್ಕೆ ನಿಂತಿದ್ದವಳು ಸುತ್ತಿಕೊಂಡು ಬಲಕ್ಕೆ ಬಂದು ಕೂತು, ಅವರ ಬಲಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಎಷ್ಟೋ ತಿಂಗಳ ಮೇಲೆ ಅವರಿಗೆ ನೋಯದ ಒಂದು ಸ್ಪರ್ಶ ಸಿಕ್ಕಿತು. ಅಂಥ ಸಾಹುಕಾರರು ಬಸ್ ಸ್ಟ್ಯಾಂಡಿನಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತರು.

ಅವಳು ಕರೆದುಕೊಂಡು ಹೋದ ಹುಬ್ಬಳ್ಳಿಯ ನರದ ಡಾಕ್ಟರರು, "ಇದು ಖರೇನ ನೋವು. ಪೆಟ್ಟು ಬಿದ್ದದ್ದು ಮಿದುಳಿಗೆ. ಅದು ಮೈಯಿಂದ ಬರೋ ಸುದ್ದಿ ತಪ್ಪು ಓದಾಕತ್ತೈತಿ, ಅದಕ್ಕ ಸೆರಗು ಸೋಕಿದ್ರೂ ಬೆಂಕಿ ಅಂತೈತಿ" ಎಂದು ಗುಳಿಗೆ ಬರೆದರು. ಉರಿ ಪೂರ್ತಿ ಹೋಯಿತೇ? ಇಲ್ಲ, ಸುಳ್ಳು ಹೇಳಬಾರದು. ತಗ್ಗಿತು. ನಿದ್ದೆ ಬರತೊಡಗಿತು. ಥಂಡಿ ಗಾಳಿಯ ದಿನಗಳಲ್ಲಿ ಅವರು ಈಗಲೂ ಮಹಡಿ ಹತ್ತುತ್ತಾರೆ, ಅವಳೂ ಹತ್ತುತ್ತಾಳೆ. ಊರಿನಲ್ಲಿ ಅವರನ್ನು ಸೊಕ್ಕಿನವರು ಎನ್ನುವವರು ಇಂದಿಗೂ ಇದ್ದಾರೆ. ಅದು ಅಳಿಯಲಿಲ್ಲ.

ತಾಯಂದಿರೇ, ಅಣ್ಣತಮ್ಮಂದಿರೇ, ಈ ಕಥೆಯಲ್ಲಿ ಕೆಟ್ಟವರು ಯಾರು? ಹುಡುಕಿ ನೋಡಿ, ಯಾರೂ ಇಲ್ಲ. ಎಲ್ಲರೂ ನಮ್ಮಂಥವರೇ. ನಾವೂ ಹಾಗೇ ಅಲ್ಲವೇ? ಎದ್ದು ಓಡಾಡುವವನಿಗೆ ಏನು ನೋವು ಎನ್ನುತ್ತೇವೆ. ಸಿಡುಕಿದವನನ್ನು ಸಿಡುಕ ಎನ್ನುತ್ತೇವೆ, ದೂರ ಕೂತವನನ್ನು ದೂರವೇ ಬಿಡುತ್ತೇವೆ. ಇನ್ನು ಮೇಲೆ ಹಾಗೆ ಮಾಡಬೇಡಿ. ಬೇನೆಯಿಂದ ಎದ್ದು ಬಂದವರು ಎದುರಾದರೆ ಬೆನ್ನು ತಟ್ಟುವ ಮೊದಲು ಕೇಳಿ, ಮುಟ್ಟಲೇ ಎಂದು. ಉರಿಯುತ್ತದೆ ಎಂದರೆ ಗಾಯ ಹುಡುಕಬೇಡಿ, ನಂಬಿ. ನಂಬಿ, ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಮ್ಮ ಕಡೆ ಸಿಕ್ಕವರನ್ನೆಲ್ಲ "ಆರಾಮ ಅದೀರೇನ್ರಿ" ಎಂದು ಕೇಳುವ ರೂಢಿ ಇದೆ. ಕೇಳುತ್ತಲೇ ಮುಂದೆ ನಡೆಯುವ ರೂಢಿಯೂ ಇದೆ. ಇವತ್ತು ಮನೆಗೆ ಹೋದ ಮೇಲೆ, ಮೂಲೆ ಹಿಡಿದು ಕೂತವರು ಯಾರಿದ್ದಾರೋ ಅವರನ್ನು ಆ ಮಾತು ಕೇಳಿ. ಕೇಳಿ, ಉತ್ತರ ಬರುವ ತನಕ ಅಲ್ಲೇ ನಿಲ್ಲಿ.